ಮನೆಯ ಮೀನಿಗೆ ಬಿಳಿ ಚುಕ್ಕೆ ಬಂದಾಗ: ಗಾಜಿನ ತೊಟ್ಟಿಯ ಪರಾವಲಂಬಿ ರೋಗಗಳು ಮತ್ತು ಚಿಕಿತ್ಸೆ



ಚಳಿ ಬಿದ್ದಾಗಿನಿಂದ ಜಹೀರಾಬಾದ್, ನಾರಾಯಣಖೇಡ, ತಾಂಡೂರು ಮೂರೂ ಕಡೆಯ ಸದಸ್ಯರು ನಮ್ಮ ಮುಂದೆ ಒಂದೇ ಪ್ರಶ್ನೆ ಇಡುತ್ತಿದ್ದಾರೆ. ಮಕ್ಕಳ ಹಟಕ್ಕೆ ತಂದ ಗೋಲ್ಡ್‌ಫಿಶ್, ಮಾಲಿ, ಗಪ್ಪಿ ಮೀನುಗಳ ಮೈಮೇಲೆ ರವೆ ಉದುರಿಸಿದಂತೆ ಬಿಳಿ ಚುಕ್ಕೆ ಏಳುತ್ತವೆ. ಅಂಗಡಿಯಿಂದ ನೀಲಿ ಔಷಧಿ ತಂದು ಹಾಕುತ್ತಾರೆ. ಮೂರು ನಾಲ್ಕು ದಿನದಲ್ಲಿ ಚುಕ್ಕೆ ಮಾಯವಾಗುತ್ತವೆ, ಔಷಧಿ ನಿಲ್ಲಿಸುತ್ತಾರೆ. ಮುಂದಿನ ವಾರ ತೊಟ್ಟಿಯಲ್ಲಿದ್ದ ಮೀನೆಲ್ಲ ಒಂದೊಂದಾಗಿ ಸಾಯುತ್ತವೆ. "ವಾಸಿಯಾದ ಮೇಲೆ ಯಾಕೆ ಸತ್ತವು?" ಎಂಬುದೇ ಎಲ್ಲರ ಪ್ರಶ್ನೆ.

ಮೀನಿನ ಬೆಲೆ ಮೂವತ್ತೋ ಐವತ್ತೋ ರೂಪಾಯಿ ಇರಬಹುದು. ಆದರೆ ಸತ್ತ ಮೀನನ್ನು ಕೈಯಲ್ಲಿ ಹಿಡಿದು ನಿಂತ ಮಗುವಿಗೆ ಆ ಲೆಕ್ಕ ಹೇಳಲಾಗದು. ಗಾಬರಿಯಲ್ಲಿ ಕೆಲವರು ಹೊಲದ ಕೀಟನಾಶಕವನ್ನೇ ತೊಟ್ಟಿಗೆ ಹಾಕುವ ಮಾತಾಡುತ್ತಾರೆ, ಕೆಲವರು "ಕೆರೆಗಾದರೂ ಬಿಟ್ಟರೆ ಬದುಕಲಿ" ಎನ್ನುತ್ತಾರೆ. ಎರಡರಿಂದಲೂ ಆಗುವ ಹಾನಿ ಮನೆಯ ತೊಟ್ಟಿಗಿಂತ ದೊಡ್ಡದು. ಆದ್ದರಿಂದ ಈ ಸಂಚಿಕೆಯಲ್ಲಿ ವಿಷಯವನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇವೆ.

ಚುಕ್ಕೆ ಎಂದರೆ ಏನು?

ಬಿಳಿ ಚುಕ್ಕೆ ರೋಗಕ್ಕೆ ಕಾರಣ ಇಕ್ತಿಯೋಫ್ತಿರಿಯಸ್ ಮಲ್ಟಿಫಿಲಿಸ್ ಎಂಬ ಏಕಕೋಶ ಜೀವಿ. ಅಂಗಡಿಯವರು ಚುಟುಕಾಗಿ 'ಇಕ್' ಎನ್ನುತ್ತಾರೆ. 1876ರಲ್ಲಿ ಫ್ರಾನ್ಸಿನ ಫೂಕೆ ಎಂಬವರು ಇದನ್ನು ವರ್ಣಿಸಿ ಹೆಸರಿಟ್ಟರು. ಹೆಸರಿನ ಎರಡನೆಯ ಪದಕ್ಕೆ ಲ್ಯಾಟಿನ್‌ನಲ್ಲಿ 'ಬಹು ಮಕ್ಕಳುಳ್ಳದ್ದು' ಎಂಬ ಅರ್ಥವಿದೆ. ರೋಗದ ಗುಟ್ಟೆಲ್ಲ ಆ ಪದದಲ್ಲೇ ಇದೆ.

ಈ ಜೀವಿಯ ಬಾಳಿನಲ್ಲಿ ಮೂರು ಹಂತಗಳು.

1. ಮೀನಿನ ಮೈಯಲ್ಲಿ: ಚರ್ಮದ ಮತ್ತು ಕಿವಿರಿನ ಮೇಲ್ಪದರದ ಅಡಿಯಲ್ಲಿ ಹೊಕ್ಕು, ಅಲ್ಲಿನ ಜೀವಕೋಶಗಳನ್ನು ತಿಂದು ಬೆಳೆಯುತ್ತದೆ. ನಮಗೆ ಕಾಣುವ ಚುಕ್ಕೆ ಇದೇ. ಚರ್ಮದ ಒಳಗಿರುವುದರಿಂದ ನೀರಿಗೆ ಹಾಕಿದ ಔಷಧಿ ಇದನ್ನು ತಲುಪುವುದಿಲ್ಲ.

2. ತೊಟ್ಟಿಯ ತಳದಲ್ಲಿ: ಬೆಳೆದ ಮೇಲೆ ಮೀನನ್ನು ಬಿಟ್ಟು ಕೆಳಗೆ ಬಿದ್ದು, ಕಲ್ಲು, ಮರಳು, ಗಿಡಗಳಿಗೆ ಅಂಟಿಕೊಂಡು ಸುತ್ತಲೂ ಲೋಳೆಯ ಕೋಶ ಕಟ್ಟಿಕೊಳ್ಳುತ್ತದೆ. ಅದರೊಳಗೆ ಒಂದು ಎರಡಾಗಿ, ಎರಡು ನಾಲ್ಕಾಗಿ ಒಡೆಯುತ್ತ ನೂರಾರು, ಕೆಲವೊಮ್ಮೆ ಸಾವಿರದಷ್ಟು ಮರಿಗಳಾಗುತ್ತವೆ. ಈ ಕೋಶದ ಒಳಕ್ಕೂ ಔಷಧಿ ಸರಿಯಾಗಿ ಹೋಗದು.

3. ನೀರಿನಲ್ಲಿ ಈಜುತ್ತ: ಕೋಶ ಒಡೆದು ಹೊರಬಂದ ಮರಿಗಳು ಮೀನನ್ನು ಹುಡುಕುತ್ತವೆ. ಸುಮಾರು ಎರಡು ದಿನದೊಳಗೆ ಸಿಗದಿದ್ದರೆ ಸಾಯುತ್ತವೆ. ಔಷಧಿಗೆ, ಉಪ್ಪಿಗೆ ಇವು ಸಿಕ್ಕಿಬೀಳುವುದು ಈ ಹಂತದಲ್ಲಿ ಮಾತ್ರ.

ಈಗ ಸದಸ್ಯರ ಪ್ರಶ್ನೆಗೆ ಉತ್ತರ ಸಿಕ್ಕಿತು. ಚುಕ್ಕೆ ಮಾಯವಾದಾಗ ಮೀನು ವಾಸಿಯಾಗಿರಲಿಲ್ಲ. ಚುಕ್ಕೆಗಳು ತಳಕ್ಕೆ ಬಿದ್ದು ಮರಿ ಮಾಡುತ್ತಿದ್ದವು, ನಾವು ಔಷಧಿ ನಿಲ್ಲಿಸಿದ್ದೆವು. ಹತ್ತು ಚುಕ್ಕೆ ಹೋದ ಜಾಗಕ್ಕೆ ಸಾವಿರಾರು ಮರಿಗಳು ಬಂದವು. ಎರಡನೆಯ ಸುತ್ತಿನಲ್ಲಿ ಅವು ಕಿವಿರಿಗೆ ಮುತ್ತಿದಾಗ ಮೀನಿಗೆ ಉಸಿರಾಟವೇ ನಿಲ್ಲುತ್ತದೆ.

ಚಳಿಗಾಲದಲ್ಲೇ ಯಾಕೆ?

ನಮ್ಮ ಭಾಗದ ಚಳಿ ಎಲ್ಲರಿಗೂ ಗೊತ್ತು. ಜಹೀರಾಬಾದ್ ಪಕ್ಕದ ಕೊಹೀರದ ಹೆಸರು ತೆಲಂಗಾಣದ ಕನಿಷ್ಠ ತಾಪಮಾನದ ಪಟ್ಟಿಯಲ್ಲಿ ಆಗಾಗ ಬರುತ್ತದೆ. ಮಧ್ಯಾಹ್ನ ಬಿಸಿಲು, ಬೆಳಗಿನ ಜಾವ ಕೊರೆಯುವ ಚಳಿ. ಸಣ್ಣ ತೊಟ್ಟಿಯ ನೀರು ಒಂದೇ ದಿನದಲ್ಲಿ ಹಲವು ಡಿಗ್ರಿ ಏರಿ ಇಳಿಯುತ್ತದೆ. ಈ ಏರುಪೇರಿಗೆ ಮೀನಿನ ರೋಗನಿರೋಧಕ ಶಕ್ತಿ ಕುಗ್ಗಿ, ಹೊಸ ಮೀನಿನೊಡನೆ ಬಂದ ಪರಾವಲಂಬಿ ತಲೆ ಎತ್ತುತ್ತದೆ.

ಇನ್ನೊಂದು ಮಾತು. ನೀರು 25 ಡಿಗ್ರಿ ಇದ್ದರೆ ಮೇಲಿನ ಮೂರು ಹಂತಗಳು ಒಂದು ವಾರದೊಳಗೆ ಮುಗಿಯುತ್ತವೆ. ತಣ್ಣೀರಿನಲ್ಲಿ ಅದಕ್ಕೇ ಹಲವು ವಾರ ಹಿಡಿಯುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಹತ್ತು ದಿನಕ್ಕೆ ಮುಗಿಯುವ ಚಿಕಿತ್ಸೆ ಚಳಿಗಾಲದಲ್ಲಿ ಹೀಟರ್ ಇಲ್ಲದೆ ಮುಗಿಯುವುದಿಲ್ಲ.

ಔಷಧಿಗೆ ಮೊದಲು ನೀರು ನೋಡಿ

ಮೀನು ಮೇಲೆ ಬಂದು ಬಾಯಿ ತೆರೆದು ಉಸಿರಾಡುತ್ತಿದ್ದರೆ ಅದು ರೋಗವೇ ಆಗಬೇಕಿಲ್ಲ. ನೀರಿನಲ್ಲಿ ಆಮ್ಲಜನಕ ಕಡಿಮೆ ಆಗಿರಬಹುದು, ಮೀನಿನ ಹೊಲಸಿನಿಂದ ಅಮೋನಿಯಾ ಹೆಚ್ಚಾಗಿರಬಹುದು, ನಳದ ನೀರಿನ ಕ್ಲೋರಿನ್ ಕಿವಿರನ್ನು ಸುಟ್ಟಿರಬಹುದು. ಮಿಷನ್ ಭಗೀರಥದ ನಳದ ನೀರು ಕ್ಲೋರಿನ್ ಹಾಕಿ ಶುದ್ಧ ಮಾಡಿದ್ದು. ನಮಗೆ ಅದು ಒಳ್ಳೆಯದು, ಮೀನಿಗೆ ಅಲ್ಲ. ಬಕೆಟ್‌ನಲ್ಲಿ ತುಂಬಿ ಒಂದು ದಿನ ತೆರೆದಿಟ್ಟು, ಇಲ್ಲವೇ ಅಂಗಡಿಯಲ್ಲಿ ಸಿಗುವ ಕ್ಲೋರಿನ್ ನಿವಾರಕ ಹನಿ ಹಾಕಿ ಬಳಸಬೇಕು. ಹಿಂದೆ ಫೋಟೊ ಸ್ಟುಡಿಯೊಗಳಲ್ಲಿ ಬಳಸುತ್ತಿದ್ದ ಹೈಪೊ ಹರಳು ಕೂಡ ಕ್ಲೋರಿನ್ ನಿವಾರಕವೇ.

ತಾಂಡೂರಿನ ಸದಸ್ಯರಿಗೆ ಒಂದು ವಿಶೇಷ ಸೂಚನೆ. ನಮ್ಮ ಊರಿನ ಹೆಸರಾಂತ ಹಾಸುಗಲ್ಲು ಸುಣ್ಣಕಲ್ಲಿನ ಜಾತಿಯದು. ಅದರ ಚೂರುಗಳನ್ನು ಅಂದಕ್ಕೆಂದು ತೊಟ್ಟಿಯಲ್ಲಿ ಇಟ್ಟರೆ ನೀರು ನಿಧಾನವಾಗಿ ಗಡುಸಾಗುತ್ತದೆ. ಮಾಲಿ, ಗಪ್ಪಿ, ಗೋಲ್ಡ್‌ಫಿಶ್ ತಾಳಿಕೊಳ್ಳುತ್ತವೆ. ಮೃದು ನೀರಿನ ನಿಯಾನ್ ಟೆಟ್ರಾದಂಥವು ಸೊರಗುತ್ತವೆ, ಸೊರಗಿದ ಮೀನಿಗೆ ಪರಾವಲಂಬಿ ಬೇಗ ಹತ್ತುತ್ತದೆ.

ಎಲ್ಲ ಬಿಳುಪೂ ಈ ರೋಗವಲ್ಲ. ಗಂಡು ಗೋಲ್ಡ್‌ಫಿಶ್‌ಗೆ ಮೊಟ್ಟೆಯ ಕಾಲದಲ್ಲಿ ಕಿವಿರಿನ ಮುಚ್ಚಳದ ಮೇಲೆ ಮತ್ತು ಮುಂದಿನ ರೆಕ್ಕೆಯ ಅಂಚಿನಲ್ಲಿ ಸಾಲಾಗಿ ಬಿಳಿ ಗಂಟುಗಳು ಏಳುವುದು ಸಹಜ. ಹತ್ತಿಯಂತೆ ನವಿರಾಗಿ ಬೆಳೆದದ್ದು ಬೂಷ್ಟು. ಇಕ್ ಚುಕ್ಕೆ ಎಂದರೆ ಬಿಡಿಬಿಡಿಯಾಗಿ, ಒಂದು ಮಿಲಿಮೀಟರಿಗೂ ಚಿಕ್ಕದಾಗಿ, ಮೈ ಮತ್ತು ರೆಕ್ಕೆ ಎರಡರ ಮೇಲೂ ಇರುತ್ತದೆ. ಮೀನು ಕಲ್ಲಿಗೆ ಮೈ ಉಜ್ಜುತ್ತದೆ, ರೆಕ್ಕೆ ಮುದುರಿಕೊಳ್ಳುತ್ತದೆ.

ಮೊದಲು ತೊಟ್ಟಿಯ ಲೆಕ್ಕ

ಎಷ್ಟು ಲೀಟರ್ ಎಂದು ತಿಳಿಯದೆ ಔಷಧಿ ಹಾಕುವುದು ಅಂದಾಜಿನ ಮೇಲೆ ಸಂಬಳದ ಬಿಲ್ಲು ಬರೆದಂತೆ. ತೊಟ್ಟಿಯ ಉದ್ದ, ಅಗಲ ಮತ್ತು ನೀರಿನ ಎತ್ತರವನ್ನು ಸೆಂಟಿಮೀಟರಿನಲ್ಲಿ ಅಳೆದು ಗುಣಿಸಿ, 1000ದಿಂದ ಭಾಗಿಸಿ. ಎರಡು ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಯಾದರೆ 60 × 30 × 30 = 54,000, ಅಂದರೆ ಪೂರ್ತಿ ತುಂಬಿದರೆ 54 ಲೀಟರ್. ಮೇಲೆ ಬಿಟ್ಟ ಜಾಗ, ಕೆಳಗಿನ ಕಲ್ಲು ಕಳೆದರೆ ಸುಮಾರು 45 ಲೀಟರ್. ಈ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ತೊಟ್ಟಿಯ ಹಿಂದೆ ಅಂಟಿಸಿಡಿ.

ಉಪ್ಪು ಮತ್ತು ಶಾಖದ ಚಿಕಿತ್ಸೆ

ಮನೆಯಲ್ಲೇ ಮಾಡಬಹುದಾದ, ಹೆಚ್ಚು ಅಪಾಯವಿಲ್ಲದ ಚಿಕಿತ್ಸೆ ಇದು. ಗೋಲ್ಡ್‌ಫಿಶ್, ಮಾಲಿ, ಗಪ್ಪಿ, ಪ್ಲಾಟಿ ಮೀನುಗಳಿಗೆ ಹೊಂದುತ್ತದೆ. ಹುರುಪೆ ಇಲ್ಲದ ಮೀಸೆ ಮೀನುಗಳು, ಲೋಚ್, ಟೆಟ್ರಾ ಹಾಗೂ ನೀರಿನ ಗಿಡಗಳು ಉಪ್ಪನ್ನು ಅಷ್ಟಾಗಿ ತಾಳವು. ಅಂಥವಿದ್ದರೆ ಉಪ್ಪು ಹಾಕುವ ಮೊದಲು ತಿಳಿದವರನ್ನು ಕೇಳಿ.

1. ಫಿಲ್ಟರ್‌ನಲ್ಲಿ ಇದ್ದಿಲು ಇದ್ದರೆ ತೆಗೆಯಿರಿ. ಉಪ್ಪಿಗೆ ಅದರಿಂದ ಅಡ್ಡಿಯಿಲ್ಲ, ಆದರೆ ಮುಂದೆ ಔಷಧಿ ಹಾಕಬೇಕಾಗಿ ಬಂದರೆ ಇದ್ದಿಲು ಅದನ್ನು ಹೀರಿಬಿಡುತ್ತದೆ. ಸ್ಪಂಜನ್ನು ನಳದ ಕೆಳಗೆ ತೊಳೆಯಬೇಡಿ. ಅಮೋನಿಯಾ ಅರಗಿಸುವ ಒಳ್ಳೆಯ ಬ್ಯಾಕ್ಟೀರಿಯಾ ಅದರಲ್ಲಿರುತ್ತವೆ, ಕ್ಲೋರಿನ್‌ಗೆ ಸಾಯುತ್ತವೆ.

2. ಪೈಪ್ ಹಾಕಿ ತಳದ ಹೊಲಸಿನೊಡನೆ ಕಾಲು ಭಾಗ ನೀರು ಎಳೆದು, ಅದೇ ಬಿಸುಪಿನ ಕ್ಲೋರಿನ್ ಇಲ್ಲದ ನೀರು ತುಂಬಿ. ತಳದ ಕೋಶಗಳಲ್ಲಿ ಎಷ್ಟೋ ಇದರೊಡನೆ ಹೊರಹೋಗುತ್ತವೆ. ಪ್ರತಿದಿನ ಅಥವಾ ದಿನ ಬಿಟ್ಟು ದಿನ ಹೀಗೆ ಮಾಡಿ.

3. ಅಡುಗೆಯ ಹರಳುಪ್ಪು ಸಾಕು. ಮೊದಲ ದಿನ ಲೀಟರಿಗೆ 1 ಗ್ರಾಂ, ಮರುದಿನ ಇನ್ನೂ 1 ಗ್ರಾಂ. 45 ಲೀಟರಿಗೆ ದಿನಕ್ಕೆ 45 ಗ್ರಾಂ, ಎರಡು ದಿನಕ್ಕೆ 90 ಗ್ರಾಂ. ಚೊಂಬಿನ ನೀರಿನಲ್ಲಿ ಕರಗಿಸಿ ಸ್ವಲ್ಪ ಸ್ವಲ್ಪವಾಗಿ ಹಾಕಿ. ಹರಳು ನೇರವಾಗಿ ಮೀನಿನ ಮೇಲೆ ಬೀಳಬಾರದು.

4. ಉಪ್ಪು ಆವಿಯಾಗಿ ಹೋಗುವುದಿಲ್ಲ. ತೆಗೆದ ನೀರಿನ ಲೆಕ್ಕಕ್ಕೆ ಮಾತ್ರ ಮತ್ತೆ ಹಾಕಬೇಕು. 12 ಲೀಟರ್ ತೆಗೆದರೆ 24 ಗ್ರಾಂ ಉಪ್ಪು. ಪ್ರತಿಸಲ 90 ಗ್ರಾಂ ಹಾಕಿದರೆ ಮೀನು ಉಪ್ಪಿಗೇ ಸಾಯಬಹುದು.

5. ಹೀಟರ್ ಇದ್ದರೆ ದಿನಕ್ಕೆ ಒಂದೆರಡು ಡಿಗ್ರಿಯಂತೆ ಏರಿಸಿ, ಮಾಲಿ, ಗಪ್ಪಿಗಳಿಗೆ 29–30 ಡಿಗ್ರಿಗೆ ತನ್ನಿ. ಗೋಲ್ಡ್‌ಫಿಶ್‌ಗೆ 25ರ ಆಸುಪಾಸು ಸಾಕು. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ, ಆದ್ದರಿಂದ ಗಾಳಿ ಪಂಪು ಹಗಲೂ ರಾತ್ರಿ ನಡೆಯಬೇಕು. ತೊಟ್ಟಿಗೆ ಕೈ ಹಾಕುವ ಮೊದಲು ಹೀಟರ್, ಪಂಪು ಎರಡರ ಪ್ಲಗ್ಗನ್ನೂ ಕಿತ್ತುಬಿಡಿ. ಮಕ್ಕಳಿಗೆ ಈ ಮಾತನ್ನು ಮತ್ತೆ ಮತ್ತೆ ಹೇಳಿ.

6. ಕೊನೆಯ ಚುಕ್ಕೆ ಮಾಯವಾದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಅಲ್ಲಿಂದ ಮುಂದೆಯೂ ಕನಿಷ್ಠ ನಾಲ್ಕೈದು ದಿನ ಚಿಕಿತ್ಸೆ ನಡೆಯಬೇಕು. ಒಟ್ಟು 10ರಿಂದ 14 ದಿನ. ಹೀಟರ್ ಇಲ್ಲದಿದ್ದರೆ ಇನ್ನೂ ಹೆಚ್ಚು.

7. ಮುಗಿದ ಮೇಲೆ ನೀರು ಬದಲಿಸುತ್ತ ಬದಲಿಸುತ್ತ ಉಪ್ಪಿನ ಅಂಶ ಇಳಿಸಿ. ಒಮ್ಮೆಗೇ ಎಲ್ಲ ನೀರು ಚೆಲ್ಲಿ, ಸೋಪು ಹಾಕಿ ತೊಟ್ಟಿ ತೊಳೆಯುವುದು ಬೇಡ.

ಬದುಕುಳಿದ ಮೀನಿಗೆ ಈ ರೋಗದ ವಿರುದ್ಧ ತಕ್ಕಮಟ್ಟಿನ ನಿರೋಧ ಬರುತ್ತದೆ. ಇದೊಂದು ಸಮಾಧಾನ.

ಅಂಗಡಿಯ ಬಾಟಲಿಗಳು

ಚುಕ್ಕೆ ಹೆಚ್ಚಿದ್ದರೆ ಉಪ್ಪು ಸಾಲದು. ಬಿಳಿ ಚುಕ್ಕೆಗೆಂದು ಮಾರುವ ಬಾಟಲಿಗಳಲ್ಲಿ ಸಾಮಾನ್ಯವಾಗಿ ಮ್ಯಾಲಕೈಟ್ ಗ್ರೀನ್, ಕೆಲವದರಲ್ಲಿ ಅದರೊಡನೆ ಫಾರ್ಮಾಲಿನ್ ಇರುತ್ತದೆ. ಚೀಟಿಯಲ್ಲಿ ಬರೆದ ಪ್ರಮಾಣ ಮೀರಬಾರದು. ಹುರುಪೆ ಇಲ್ಲದ ಮೀನಿದ್ದರೆ ಅರ್ಧ ಪ್ರಮಾಣ. ಪ್ರತಿಸಲ ಹಾಕುವ ಮೊದಲು ಕಾಲು ಭಾಗ ನೀರು ಬದಲಿಸಿ. ಕೈಗವಸು ಹಾಕಿಕೊಳ್ಳಿ, ಕಿಟಕಿ ತೆರೆದಿಡಿ, ಮಕ್ಕಳ ಕೈಗೆ ಸಿಗದಂತೆ ಇಡಿ. ಫಾರ್ಮಾಲಿನ್ ಕಣ್ಣು, ಮೂಗಿಗೆ ಕೆಟ್ಟದ್ದು. ಬಾಟಲಿಯ ತಳದಲ್ಲಿ ಬಿಳಿ ಗಸಿ ಕೂತಿದ್ದರೆ ಅದನ್ನು ಬಳಸಲೇಬಾರದು. ಮ್ಯಾಲಕೈಟ್ ಗ್ರೀನನ್ನು ತಿನ್ನುವ ಮೀನಿಗೆ ಎಂದಿಗೂ ಹಾಕುವಂತಿಲ್ಲ. ಅದು ಮಾಂಸದಲ್ಲಿ ಉಳಿಯುತ್ತದೆ.

ನೀಲಿ ಔಷಧಿ, ಅಂದರೆ ಮೆಥಿಲೀನ್ ಬ್ಲೂ, ಸೌಮ್ಯವಾದದ್ದು. ಬೂಷ್ಟಿಗೆ ಒಳ್ಳೆಯದು, ಜೋರಾದ ಇಕ್‌ಗೆ ಸಾಲದು. ಫಿಲ್ಟರಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುವುದರಿಂದ ಬೇರೆ ಟಬ್ಬಿನಲ್ಲಿ ಬಳಸುವುದು ಮೇಲು. ಬಾವಿಗೆ ಹಾಕುವ ಪೊಟ್ಯಾಸಿಯಂ ಪರ್ಮಾಂಗನೇಟ್ ಬಗ್ಗೆಯೂ ಕೇಳುತ್ತಾರೆ. ಅದರ ಪ್ರಮಾಣ ಲೀಟರಿಗೆ 2 ಮಿಲಿಗ್ರಾಂ. 45 ಲೀಟರಿಗೆ 90 ಮಿಲಿಗ್ರಾಂ, ಚಿಟಿಕೆಗಿಂತ ಕಡಿಮೆ. ಅಷ್ಟನ್ನು ತೂಗುವ ತಕ್ಕಡಿ ಮನೆಯಲ್ಲಿ ಇರುವುದಿಲ್ಲವಾದ್ದರಿಂದ ಬೇಡ. ಬೇವು, ಅರಿಶಿನ ಮನೆಮದ್ದು ಎಂದು ನಂಬಿ ದಿನ ಕಳೆಯುವುದೂ ಬೇಡ. ಈ ರೋಗದಲ್ಲಿ ದಿನವೇ ಮುಖ್ಯ.

ಬೇರೆ ಪರಾವಲಂಬಿಗಳು

ಮೀನು ಹೇನು: ಗುಂಡಾಗಿ ಚಪ್ಪಟೆಯಾಗಿ, ಅರ್ಧ ಸೆಂಟಿಮೀಟರಿನಷ್ಟು, ಮೀನಿನ ಮೈಮೇಲೆ ಹರಿದಾಡುತ್ತದೆ. ನಮ್ಮ ಕಡೆಯ ಕೆರೆಗಳಲ್ಲಿ ಸಾಕುವ ರೋಹು, ಕಾಟ್ಲಾ ಮೀನುಗಳಿಗೂ ಇದೇ ಕಾಟ. ಒದ್ದೆ ಬಟ್ಟೆಯಲ್ಲಿ ಮೀನನ್ನು ಹಿಡಿದು ಚಿಮುಟದಿಂದ ತೆಗೆಯಬಹುದು. ಆದರೆ ಗಾಜಿಗೆ, ಕಲ್ಲಿಗೆ ಸಾಲಾಗಿ ಮೊಟ್ಟೆ ಅಂಟಿಸಿರುತ್ತದೆ. ಅವನ್ನೂ ಕೆರೆದು ತೆಗೆಯಬೇಕು.

ಲಂಗರು ಹುಳು: ಮೈಯಿಂದ ದಾರದ ತುಂಡು ಹೊರಬಂದಂತೆ ಕಾಣುತ್ತದೆ, ತುದಿಯಲ್ಲಿ ಎರಡು ಮೊಟ್ಟೆ ಚೀಲ. ತಲೆ ಮಾಂಸದೊಳಗೆ ಲಂಗರಿನಂತೆ ನೆಟ್ಟಿರುತ್ತದೆ. ಬುಡದಲ್ಲಿ ಹಿಡಿದು ನಿಧಾನವಾಗಿ ಎಳೆಯಬೇಕು. ಮರಿಗಳು ನೀರಿನಲ್ಲಿ ಇರುವುದರಿಂದ ಮೂರು ನಾಲ್ಕು ವಾರ ಕಣ್ಣಿಟ್ಟಿರಬೇಕು.

ಕಿವಿರಿನ ಹುಳು, ಚರ್ಮದ ಹುಳು: ಬರಿಗಣ್ಣಿಗೆ ಕಾಣವು. ಮೀನು ಮೈ ಉಜ್ಜುತ್ತದೆ, ಒಂದೇ ಬದಿಯ ಕಿವಿರಿನಿಂದ ಉಸಿರಾಡುತ್ತದೆ, ಮೈಮೇಲೆ ಲೋಳೆ ಹೆಚ್ಚುತ್ತದೆ, ಚುಕ್ಕೆ ಮಾತ್ರ ಇರುವುದಿಲ್ಲ. ಇದಕ್ಕೆ ಪ್ರಾಜಿಕ್ವಾಂಟೆಲ್ ಒಳ್ಳೆಯ ಔಷಧಿ. ಕಿವಿರಿನ ಹುಳು ಮೊಟ್ಟೆ ಇಡುತ್ತದೆ, ಮೊಟ್ಟೆಗೆ ಔಷಧಿ ತಾಗದು. ಆದ್ದರಿಂದ ಸುಮಾರು ವಾರದ ನಂತರ ಮತ್ತೊಮ್ಮೆ ಹಾಕಬೇಕು. ಪ್ರಮಾಣವನ್ನು ಪಶುವೈದ್ಯರಿಂದಲೇ ಬರೆಸಿಕೊಳ್ಳಿ.

ಕರುಳಿನ ಕೆಂಪು ಹುಳು: ಗಪ್ಪಿ, ಮಾಲಿಗಳ ಹಿಂಬದಿಯಿಂದ ಕೆಂಪು ದಾರದಂತೆ ತುದಿ ಚಾಚುತ್ತದೆ. ಎಳೆಯಬಾರದು. ಇದಕ್ಕೂ ವೈದ್ಯರ ಔಷಧಿ ಬೇಕು.

ಹೊಲದ ಔಷಧಿ ತೊಟ್ಟಿಗೆ ಬೇಡ

ತೊಗರಿ, ಹತ್ತಿ ಬೆಳೆಯುವ ನಮ್ಮ ಮನೆಗಳಲ್ಲಿ ಕೀಟನಾಶಕದ ಡಬ್ಬಿ ಇರುವುದು ಸಾಮಾನ್ಯ. "ಹೇನು ತಾನೆ, ಒಂದು ಹನಿ ಸಾಕು" ಎನ್ನುವವರು ಇದ್ದಾರೆ. ಮೀನು ಆ ವಿಷಕ್ಕೆ ಹುಳಕ್ಕಿಂತ ಹೆಚ್ಚೇನೂ ಗಟ್ಟಿಯಲ್ಲ. ಒಂದು ಹನಿಯಲ್ಲಿ ತೊಟ್ಟಿಗೆ ಎಷ್ಟು ಪಾಲು ಎಂದು ಮನೆಯಲ್ಲಿ ಅಳೆಯಲಾಗದು. ಆ ನೀರಿಗೆ ಮಕ್ಕಳು ಕೈ ಹಾಕುತ್ತಾರೆ. ದನದ ಹುಣ್ಣೆಗೆ ಕೊಡುವ ಐವರ್ಮೆಕ್ಟಿನ್ ಕೂಡ ಮೀನಿಗೆ ವಿಷಕಾರಿ. ದಯವಿಟ್ಟು ಬೇಡ.

ಅಜ್ಜ, ಅಜ್ಜಿಯರು ಕೇಳುವ ಇನ್ನೊಂದು ಪ್ರಶ್ನೆ: ಈ ಚುಕ್ಕೆ ಮಕ್ಕಳಿಗೆ ಅಂಟುತ್ತದೆಯೇ? ಅಂಟುವುದಿಲ್ಲ. ಆದರೆ ತೊಟ್ಟಿಯ ನೀರಿನ ಬೇರೊಂದು ಬ್ಯಾಕ್ಟೀರಿಯಾ ಗಾಯದ ಮೂಲಕ ಹೊಕ್ಕು ಕೈಯಲ್ಲಿ ವಾಸಿಯಾಗದ ಗಂಟು ಮಾಡುವುದುಂಟು. ಗಾಯವಿದ್ದ ಕೈ ನೀರಿಗೆ ಹಾಕಬಾರದು, ಕೆಲಸವಾದ ಮೇಲೆ ಸೋಪಿನಿಂದ ಕೈ ತೊಳೆಯಬೇಕು.

ಹೊಸ ಮೀನಿಗೆ ಹೊರಜಗಲಿ

ಪರಾವಲಂಬಿ ನಮ್ಮ ತೊಟ್ಟಿಯಲ್ಲಿ ತಾನಾಗಿ ಹುಟ್ಟುವುದಿಲ್ಲ. ಹೊಸ ಮೀನು, ಹೊಸ ಗಿಡ, ಕವರಿನ ನೀರು, ಒದ್ದೆ ಬಲೆ, ಹೊಂಡದಿಂದ ತಂದ ಹುಳದ ಆಹಾರ, ಇವುಗಳ ಜೊತೆ ಬರುತ್ತದೆ. ಇಪ್ಪತ್ತು ಲೀಟರಿನ ಟಬ್ಬು, ಒಂದು ಗಾಳಿ ಪಂಪು, ಸ್ಪಂಜಿನ ಫಿಲ್ಟರ್ ಇದ್ದರೆ ಸಾಕು. ಹೊಸ ಮೀನನ್ನು ಅದರಲ್ಲಿ ಎರಡರಿಂದ ನಾಲ್ಕು ವಾರ ಇಟ್ಟು ನೋಡಿ, ಆಮೇಲೆ ಒಳಗೆ ಬಿಡಿ. ಟಬ್ಬಿಗೆ ಬೇರೆ ಬಲೆ ಇರಲಿ. ಅಂಗಡಿಯ ಕವರಿನ ನೀರನ್ನು ತೊಟ್ಟಿಗೆ ಸುರಿಯಬೇಡಿ. ಅಂಗಡಿಯ ಒಂದು ತೊಟ್ಟಿಯಲ್ಲಿ ಒಂದೇ ಮೀನಿಗೆ ಚುಕ್ಕೆ ಇದ್ದರೂ ಆ ತೊಟ್ಟಿಯ ಯಾವ ಮೀನೂ ಬೇಡ.

ಕೆರೆಗೆ, ಹೊಳೆಗೆ ಬಿಡಬೇಡಿ

ಸಾಯುವ ಮೀನನ್ನು ಕೆರೆಗೆ ಬಿಡುವುದು ಕರುಣೆಯಂತೆ ತೋರುತ್ತದೆ. ಆದರೆ ಅದರೊಡನೆ ಹೇನು, ಲಂಗರು ಹುಳುಗಳೂ ಕೆರೆಗೆ ಇಳಿಯುತ್ತವೆ. ತೆಲಂಗಾಣ ಸರ್ಕಾರ 2016ರಿಂದ ಕೆರೆಗಳಿಗೆ ಮೀನಿನ ಮರಿ ಬಿಡಿಸುತ್ತ ಬಂದಿದೆ. ಬೆಸ್ತರ, ಮುದಿರಾಜರ ಸಹಕಾರ ಸಂಘಗಳ ಮನೆಗಳು ಆ ಮೀನಿನ ಮೇಲೆ ನಡೆಯುತ್ತವೆ. ಗಾಜು ನೆಕ್ಕುವ ಮೀನೆಂದು ಅಂಗಡಿಯಲ್ಲಿ ಕೊಳ್ಳುವ ದಕ್ಷಿಣ ಅಮೆರಿಕದ ಸಕ್ಕರ್ ಮೀನು ಈಗಾಗಲೇ ಆಂಧ್ರ, ತೆಲಂಗಾಣದ ನೀರುಗಳಲ್ಲಿ ಹೆಚ್ಚಿ, ಬೆಸ್ತರ ಬಲೆ ಹರಿಯುತ್ತಿದೆ. ಅದೂ ಹೀಗೆ ಬಿಟ್ಟದ್ದೇ.

ನಮಗೆ ಇನ್ನೊಂದು ಕಾರಣವೂ ಇದೆ. ಮಂಜೀರಾ ಬೀದರ್ ಜಿಲ್ಲೆಯಿಂದ ನಮ್ಮ ಕಡೆ ಬಂದು ಸಿಂಗೂರು ಜಲಾಶಯ ತುಂಬುತ್ತದೆ. ಕಾಗಿಣಾ ತಾಂಡೂರಿನಿಂದ ಸೇಡಂ, ಮಳಖೇಡದ ಕಡೆ ಹೋಗಿ ಭೀಮೆಗೆ ಸೇರುತ್ತದೆ. ನಾವು ನೀರಿಗೆ ಬಿಟ್ಟದ್ದು ಈ ಗಡಿಯಲ್ಲಿ ನಿಲ್ಲುವುದಿಲ್ಲ. ಸತ್ತ ಮೀನನ್ನು ಮಣ್ಣಿನಲ್ಲಿ ಹೂಳಿ. ಔಷಧಿ ಹಾಕಿದ ನೀರನ್ನು ಶೌಚಾಲಯಕ್ಕೆ ಹಾಕಿ. ಕಾಯಿಪಲ್ಲೆಯ ಮಡಿಗೂ ಬೇಡ, ಚರಂಡಿಗೂ ಬೇಡ.

ಯಾರನ್ನು ಕೇಳಬೇಕು?

ಜಹೀರಾಬಾದ್, ನಾರಾಯಣಖೇಡದವರಿಗೆ ಸಂಗಾರೆಡ್ಡಿಯಲ್ಲಿ, ತಾಂಡೂರಿನವರಿಗೆ ವಿಕಾರಾಬಾದಿನಲ್ಲಿ ಜಿಲ್ಲಾ ಮೀನುಗಾರಿಕೆ ಕಚೇರಿ ಇದೆ. ಬೀದರಿನ ನಂದಿನಗರದಲ್ಲಿ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಮುಖ್ಯ ಕಚೇರಿಯೂ ಪಶುವೈದ್ಯಕೀಯ ಕಾಲೇಜೂ ಇವೆ. 1969ರಲ್ಲಿ ಆರಂಭವಾದ ಮಂಗಳೂರಿನ ಮೀನುಗಾರಿಕೆ ಕಾಲೇಜು ಇದೇ ವಿಶ್ವವಿದ್ಯಾಲಯದ್ದು. ಮೀನು ಸಾಕಣೆಯವರು ರೋಗದ ವರದಿ ಕೊಡಲೆಂದು ಕೇಂದ್ರ ಸರ್ಕಾರ 2023ರಲ್ಲಿ 'ರಿಪೋರ್ಟ್ ಫಿಶ್ ಡಿಸೀಸ್' ಎಂಬ ಮೊಬೈಲ್ ಆ್ಯಪ್ ತಂದಿದೆ. ಕೆರೆ ಹಿಡಿದ ನಮ್ಮ ಸದಸ್ಯರು ಅದನ್ನು ಬಳಸಬಹುದು.

ಹೋಗುವಾಗ ನಾಲ್ಕು ವಿಷಯ ಬರೆದುಕೊಂಡು ಹೋಗಿ: ತೊಟ್ಟಿ ಎಷ್ಟು ಲೀಟರ್, ಯಾವ ಮೀನು ಎಷ್ಟು, ಚುಕ್ಕೆ ಕಂಡ ದಿನ, ಈಗಾಗಲೇ ಹಾಕಿದ ಔಷಧಿ. ಮೀನಿನ ಹತ್ತಿರದ ಫೋಟೊ ಇರಲಿ.

ಅಂಗಡಿಯಲ್ಲಿ ಮಾತಿನ ತೊಡಕಾದರೆ ಈ ಪದಗಳು ನೆರವಾಗುತ್ತವೆ. ಮೀನಿಗೆ ತೆಲುಗಿನಲ್ಲಿ ಚೇಪ, ಹಿಂದಿ–ದಖ್ಖನಿಯಲ್ಲಿ ಮಛಲಿ. ಬಿಳಿ ಚುಕ್ಕೆಗೆ ತೆಲ್ಲ ಮಚ್ಚಲು, ಸಫೇದ್ ದಾಗ್. ಕಿವಿರಿಗೆ ಮೊಪ್ಪಲು, ಗಲ್ಫಡೆ. ಹೇನಿಗೆ ಪೇನು, ಜೂಂ. ಔಷಧಿಗೆ ಮಂದು, ದವಾ.

ಸಂಘದ ಕಡೆಯಿಂದ

ಮುಂದಿನ ಮಾಸಿಕ ಸಭೆಯ ದಿನ ಮಕ್ಕಳಿಗಾಗಿ ಅರ್ಧ ಗಂಟೆ ತೆಗೆದಿಟ್ಟಿದ್ದೇವೆ. ತೊಟ್ಟಿಯ ಲೀಟರ್ ಲೆಕ್ಕ ಮಾಡುವುದನ್ನೂ ಉಪ್ಪು ತೂಗುವುದನ್ನೂ ಅವರ ಕೈಯಿಂದಲೇ ಮಾಡಿಸುತ್ತೇವೆ. ಮನೆಯ ತೊಟ್ಟಿಯ ಅಳತೆ ಬರೆದುಕೊಂಡು ಬರಲಿ. ಬಳಸದ ಹೀಟರ್, ಗಾಳಿ ಪಂಪು ಇದ್ದವರು ತಿಳಿಸಿದರೆ, ಬೇಕಾದ ಸದಸ್ಯರಿಗೆ ಈ ಚಳಿಗಾಲದ ಮಟ್ಟಿಗೆ ಕೊಡಿಸುವ ವ್ಯವಸ್ಥೆ ಮಾಡುತ್ತೇವೆ. ಯಾರದು ಯಾರ ಬಳಿ ಇದೆ ಎಂಬುದು ರಿಜಿಸ್ಟರಿನಲ್ಲಿ ದಾಖಲಾಗುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ